ಕಣ್ಣು ಬೇಡದ ಓದು

ಪಾಡ್‌ಕಾಸ್ಟ್ ಅಂದ್ರೆ ಏನು ಅಂತ ಊರಿನವರು ಕೇಳಿದರೆ ನನ್ನ ಉತ್ತರ ಒಂದೇ: ತಾಳಮದ್ದಳೆ ಇದ್ದ ಹಾಗೆ. ವೇಷ ಇಲ್ಲ, ಕುಣಿತ ಇಲ್ಲ, ಮಾತೇ ಬಂಡವಾಳ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಕೇಳಿದ ಕರಾವಳಿಯವರಿಗೆ ಬರೀ ಮಾತಿನ ತಾಕತ್ತು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದ್ರೆ ರೇಡಿಯೋಗೂ ಇದಕ್ಕೂ ಏನು ವ್ಯತ್ಯಾಸ? 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿ ನಮ್ಮ ಮನೆಯ ಗಡಿಯಾರವೇ ಆಗಿತ್ತು. ಆದರೆ ಹಟ್ಟಿ ಕೆಲಸದಲ್ಲಿರುತ್ತಿದ್ದ ಅಮ್ಮನಿಗೆ ತಪ್ಪಿದ ಕಾರ್ಯಕ್ರಮ ತಪ್ಪಿದ್ದೇ. ಪಾಡ್‌ಕಾಸ್ಟ್ ನಿಮಗಾಗಿ ಕಾಯುತ್ತದೆ. ಪ್ರತಿ ಕಂತೂ ಒಂದು ಆಡಿಯೋ ಫೈಲ್. ಹೊಸ ಕಂತು ಬಂತು, ಫೈಲ್ ಇಲ್ಲಿದೆ ಅಂತ ತಿಳಿಸೋ ಪಟ್ಟಿಗೆ ಆರ್‌ಎಸ್‌ಎಸ್ ಫೀಡ್ ಅಂತಾರೆ. ಆ್ಯಪ್ ಅದನ್ನು ನೋಡಿ ಇಳಿಸಿಕೊಳ್ಳುತ್ತದೆ, ಅಷ್ಟೇ. ಐಪಾಡ್, ಬ್ರಾಡ್‌ಕಾಸ್ಟ್ ಎರಡೂ ಸೇರಿದ ಈ ಹೆಸರು 2004ರಲ್ಲಿ ಬೆನ್ ಹ್ಯಾಮರ್ಸ್ಲಿ ಎಂಬ ಪತ್ರಕರ್ತ ಬರೆದ ಲೇಖನದಲ್ಲಿ ಕಾಣಿಸಿತು. 2022ರಲ್ಲಿ ಆಪಲ್ ಐಪಾಡನ್ನೇ ನಿಲ್ಲಿಸಿತು, ಹೆಸರು ಮಾತ್ರ ಉಳಿಯಿತು.

ನನಗೆ ಇದರ ಬೆಲೆ ಗೊತ್ತಾದದ್ದು ಅಪ್ಪನಿಂದ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿದೆ. ದಿನಾ ಉದಯವಾಣಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಿದ್ದವರು, ತಲೆಬರಹ ಮಾತ್ರ ನೋಡಿ ಮಡಚಿ ಇಡೋಕೆ ಶುರುಮಾಡಿದರು. ಓದು ನಿಂತ ಮೇಲೆ ಮಾತೂ ಕಮ್ಮಿಯಾಯಿತು. ಫೋನ್ ಮಾಡಿದರೆ "ಊಟ ಆಯ್ತಾ?" ಅಲ್ಲಿಗೆ ಮುಗೀತು.

ನಮ್ಮೂರಲ್ಲಿ ಟವರ್ ಸರಿಯಾಗಿ ಸಿಗೋಲ್ಲ. ಹಾಗಾಗಿ ಶುಕ್ರವಾರ ರಾತ್ರಿ ಕಡಿಯಾಳಿಯ ರೂಮಿನ ವೈಫೈಯಲ್ಲಿ ಎಂಟು ಹತ್ತು ಕಂತು ಹಳೇ ಮೊಬೈಲಿಗೆ ಇಳಿಸಿ ಕೊಂಡುಹೋಗುತ್ತೇನೆ. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ನಡೆಸಿಕೊಟ್ಟ 'ತಲೆ-ಹರಟೆ' ಅಪ್ಪನಿಗೆ ಇಷ್ಟ. ಮೂರನೇ ವಾರ ಅವರೇ ಫೋನ್ ಮಾಡಿದರು: "ಆ ಹುಡುಗ ಹೇಳಿದ್ದು ಪೂರ್ತಿ ಸರಿ ಇಲ್ಲ ಮಾರಾಯ." ಅರ್ಧ ಗಂಟೆ ವಾದ ಮಾಡಿದರು. ಅಷ್ಟು ಖುಷಿ ನನಗೆ ಯಾವ ಅಪ್ರೈಸಲ್‌ನಲ್ಲೂ ಆಗಿಲ್ಲ.

ಇನ್ನೊಂದು ತುದಿಯಲ್ಲಿ ಮಣಿಪಾಲದ ನನ್ನ ಸಹೋದ್ಯೋಗಿ. ಮನೆಮಾತು ಕನ್ನಡ, ಓದಿದ್ದೆಲ್ಲ ಇಂಗ್ಲಿಷ್. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಸುಸ್ತು ಅಂತಾನೆ. ಆದರೆ ಕಿವಿಗೆ ಬಿದ್ದ ಕನ್ನಡ ಒಂದೂ ತಪ್ಪೋಲ್ಲ. ಆರ್ಥಿಕತೆ, ಇತಿಹಾಸ, ವಿಜ್ಞಾನವನ್ನೂ ಅಡುಗೆಮನೆಯ ಭಾಷೆಯಲ್ಲೇ ಮಾತಾಡಬಹುದು ಅಂತ ಅವನಿಗೆ ತಿಳಿದದ್ದು ಹೀಗೆ ಕೇಳಿಯೇ. ಅಪ್ಪನಿಗೆ ಕಣ್ಣಿಲ್ಲ, ಇವನಿಗೆ ಲಿಪಿ ಇಲ್ಲ. ಪುಸ್ತಕ ಇಬ್ಬರನ್ನೂ ಹೊರಗೆ ನಿಲ್ಲಿಸಿತ್ತು.

ನಿಮ್ಮ ಮನೆಯಲ್ಲೂ ಓದು ಬಿಟ್ಟ ಹಿರಿಯರೊಬ್ಬರು ಇರಬಹುದು. ಮುಂದಿನ ಸಲ ಊರಿಗೆ ಹೋಗುವಾಗ ಸ್ವೀಟ್ ಬಾಕ್ಸ್ ಜೊತೆ ನಾಲ್ಕು ಕಂತು ಇಳಿಸಿಕೊಂಡು ಹೋಗಿ. ಪ್ಲೇ ಒತ್ತೋದು ಹೇಗೆ ಅಂತ ಎರಡು ಸಲ ತೋರಿಸಿ. ವಾದಕ್ಕೆ ಮಾತ್ರ ಟೈಮ್ ಇಟ್ಟುಕೊಳ್ಳಿ!