ಪದದ ಹಿಂದೆ, ಭಾಗ 4: ಆಮ್ಲಜನಕ

ಆಮ್ಲ ಅಂದ್ರೆ ಹುಳಿ, ಅಂದ್ರೆ ಆಸಿಡ್. ಜನಕ ಅಂದ್ರೆ ಹುಟ್ಟಿಸಿದವನು, ಅಪ್ಪ. ಹಾಗಾದ್ರೆ ನಾವು ದಿನವಿಡೀ ಉಸಿರಾಡ್ತಿರೋದು ಆಸಿಡ್ಡಿನ ಅಪ್ಪನನ್ನಾ? ಯಾವತ್ತಾದ್ರೂ ಯೋಚಿಸಿದ್ದೀರಾ?

ಈ ಹೆಸರು ನಮ್ಮವರು ಮನಸ್ಸಿಗೆ ಬಂದ ಹಾಗೆ ಇಟ್ಟಿದ್ದಲ್ಲ. ಫ್ರಾನ್ಸಿನ ಲವಾಸಿಯೇ ಗಂಧಕ, ರಂಜಕ, ಇದ್ದಿಲು ಇವನ್ನೆಲ್ಲ ಸುಟ್ಟು ನೋಡಿದ. ಸುಟ್ಟು ಬಂದಿದ್ದನ್ನ ನೀರಿಗೆ ಸೇರಿಸಿದ್ರೆ ಆಮ್ಲ ಸಿಗ್ತಿತ್ತು. ಸುಡುವಾಗ ಸೇರಿಕೊಳ್ಳೋ ಅನಿಲವೇ ಎಲ್ಲಾ ಆಮ್ಲಗಳಿಗೂ ಮೂಲ ಅಂತ ತೀರ್ಮಾನಿಸಿದ. ಗ್ರೀಕ್ ಭಾಷೆಯಲ್ಲಿ ‘ಆಕ್ಸಿಸ್’ ಅಂದ್ರೆ ಹುಳಿ, ‘ಜನ್’ ಅಂದ್ರೆ ಹುಟ್ಟಿಸು. ಎರಡೂ ಸೇರಿ ಆಕ್ಸಿಜನ್. 1787ರಲ್ಲಿ ಅವನೂ ಮೂವರು ಜೊತೆಗಾರರೂ ಸೇರಿ ತಂದ ಹೊಸ ಹೆಸರುಗಳ ಪುಸ್ತಕದಲ್ಲಿ ಇದೂ ಇತ್ತು.

ಆದ್ರೆ ಲೆಕ್ಕ ತಪ್ಪಿತ್ತು. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಕ್ಲೋರಿನ್ ಒಂದು ಮೂಲವಸ್ತು, ಅದರಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಅಂದ. ಅಂದ್ರೆ ನಮ್ಮ ಲ್ಯಾಬಿನ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇರೋದು ಜಲಜನಕ, ಕ್ಲೋರಿನ್ ಎರಡೇ. ಅಪ್ಪನೇ ಇಲ್ಲದ ಆಮ್ಲ! ಇನ್ನೊಂದು ಕಡೆ, ಅಜ್ಜಿ ವೀಳ್ಯದೆಲೆಗೆ ಹಚ್ಚೋ ಸುಣ್ಣದಲ್ಲಿ ಆಮ್ಲಜನಕ ಇದೆ, ಆದ್ರೆ ಸುಣ್ಣ ಪ್ರತ್ಯಾಮ್ಲ. ಹುಳಿಗೆ ಪೂರಾ ಉಲ್ಟಾ.

ಅಷ್ಟರಲ್ಲಿ ಲವಾಸಿಯೇ ಸತ್ತು 16 ವರ್ಷ ಆಗಿತ್ತು. ಹೆಸರು ಎಲ್ಲರ ಬಾಯಲ್ಲಿ ಕೂತುಬಿಟ್ಟಿತ್ತು, ಯಾರೂ ಬದಲಾಯಿಸಲಿಲ್ಲ. ಜರ್ಮನ್ನರು ‘ಹುಳಿವಸ್ತು’ ಅನ್ನೋ ಅರ್ಥದ ಪದ ಮಾಡಿಕೊಂಡ್ರು, ನಾವು ಆಮ್ಲಜನಕ ಅಂದ್ವಿ. ಜಲಜನಕದ್ದು ಮಾತ್ರ ಸರಿಯಾದ ಹೆಸರು. ಅದನ್ನ ಸುಟ್ರೆ ನಿಜವಾಗ್ಲೂ ನೀರೇ ಬರತ್ತೆ.

ಇದನ್ನ ಯಾಕೆ ಬರೀತಿದ್ದೀನಿ ಅಂದ್ರೆ, ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಪಿಯುಸಿ ಸೈನ್ಸ್‌ಗೆ ಬಂದ ಮೊದಲ ವಾರ ಉತ್ತರ ಹೇಳ್ತಾ ಬಾಯಿಗೆ ‘ಆಮ್ಲಜನಕ’ ಬಂತು, ಕ್ಲಾಸೆಲ್ಲ ನಕ್ಕಿತು. ಆಮೇಲೆ ತಿಂಗಳುಗಟ್ಟಲೆ ಉತ್ತರ ಗೊತ್ತಿದ್ರೂ ಕೈ ಎತ್ತಲಿಲ್ಲ. ನಿಮ್ಮಲ್ಲೂ ಹೀಗೆ ಬಾಯಿ ಮುಚ್ಚಿ ಕೂತವರು ಇರ್ತೀರಿ, ಗೊತ್ತು.

ಅವರಿಗೆ ಒಂದೇ ಮಾತು. ಆಕ್ಸಿಜನ್ ಅನ್ನೋರಿಗೆ ಅದರ ಅರ್ಥ ತಿಳಿಯೋಕೆ ಗ್ರೀಕ್ ಬೇಕು. ನಮಗೆ ಅರ್ಥ ಪದದಲ್ಲೇ ಕಾಣತ್ತೆ. ಕಂಡಿದ್ರಿಂದಲೇ ‘ಇದು ನಿಜಾನಾ?’ ಅಂತ ಕೇಳೋಕೂ ಆಗತ್ತೆ. ಡೇವಿ ಕೇಳಿದ್ದೂ ಅದೇ ಪ್ರಶ್ನೆ. ಇಂಗ್ಲಿಷ್ ಪದ ಕಲೀರಿ, ಪರೀಕ್ಷೆಗೆ ಬೇಕು. ಕನ್ನಡದ್ದನ್ನ ಬಿಡಬೇಡಿ. ನಾಳೆ ಕ್ಲಾಸಲ್ಲಿ ಕೈ ಎತ್ತಿ.

ಅರ್ಥ ಗೊತ್ತಿಲ್ಲದೇ ನೀವು ಬಾಯಿಪಾಠ ಮಾಡಿದ ಪದ ಯಾವುದು? ಕಾಮೆಂಟಲ್ಲಿ ಹಾಕಿ, ಮುಂದಿನ ಭಾಗಕ್ಕೆ ಅದನ್ನೇ ಹಿಡಿಯೋಣ.

#ಪದದಹಿಂದೆ #ಕನ್ನಡಮೀಡಿಯಂ #ರಸಾಯನಶಾಸ್ತ್ರ