ರೆಡ್‌ಫೀಲ್ಡಿನಲ್ಲಿ ಒಂದು ಬೇಟೆಚೀಲ

ಅಡುಗೆಮನೆಯ ಮೇಜಿನ ಮೇಲೆ ಹಳೆಯ ದಿನಪತ್ರಿಕೆ ಹಾಸಿ ಅಜ್ಜ ತಮ್ಮ ಚೀಲವನ್ನು ಬೋರಲು ಸುರಿದರು. ಇಪ್ಪತ್ತು ತೋಟಾ, ಒಂದು ಸೀಟಿ, ಇಕ್ಕಳ, ಗಟ್ಟಿ ಕತ್ತರಿ, ಜೇನುತುಪ್ಪದ ಪುಟ್ಟ ಪೊಟ್ಟಣ ನಾಲ್ಕು, ಮಡಚಿದರೆ ಅಂಗೈಯಷ್ಟಾಗುವ ರಬ್ಬರ್ ಬಟ್ಟಲು, ತನಗೆ ತಾನೇ ಅಂಟಿಕೊಳ್ಳುವ ಬ್ಯಾಂಡೇಜಿನ ಎರಡು ಸುರುಳಿ. ಚೀಲ ಮೇಣ ಹಚ್ಚಿದ ಕ್ಯಾನ್ವಾಸಿನದು. ಶಾಲೆಗೆ ಹೋಗುವ ಮಗುವಿನ ಬುತ್ತಿಚೀಲಕ್ಕಿಂತ ದೊಡ್ಡದಲ್ಲ. ಮರುದಿನ ಅಕ್ಟೋಬರಿನ ಮೂರನೇ ಶನಿವಾರ. ಅಮೆರಿಕದ ಸೌತ್ ಡಕೋಟ ರಾಜ್ಯದಲ್ಲಿ ಫೆಸೆಂಟ್ ಎಂಬ ಹಕ್ಕಿಯ ಬೇಟೆ ಶುರುವಾಗುವ ದಿನ.

ಮಿನಿಯಾಪೊಲಿಸಿನಿಂದ ಹೊರಟು, 212ನೇ ಹೆದ್ದಾರಿ ಹಿಡಿದು, ಸುಮಾರು 450 ಕಿಲೋಮೀಟರ್ ಪಶ್ಚಿಮಕ್ಕೆ ಬಂದಿದ್ದೆ. ಜೊತೆಗೆ ನನ್ನ ಸಹೋದ್ಯೋಗಿ, ಈ ಅಜ್ಜನ ಮಗ. ವಾಟರ್‌ಟೌನ್ ದಾಟಿದ ಮೇಲೆ ಊರುಗಳು ವಿರಳವಾಗುತ್ತವೆ, ಆಕಾಶ ಹಿಗ್ಗುತ್ತದೆ. ರಸ್ತೆಯ ಎರಡೂ ಕಡೆ ಕಟಾವಿಗೆ ನಿಂತ ಮೆಕ್ಕೆಜೋಳ, ನಡುನಡುವೆ ಆಪು ಬೆಳೆದ ಜೌಗು. ಡೋಲೆಂಡ್ ಎಂಬ ಪುಟ್ಟ ಊರು ಬಂತು. ಮುಂದೆ ಅಮೆರಿಕದ ಉಪಾಧ್ಯಕ್ಷನಾದ ಹ್ಯೂಬರ್ಟ್ ಹಂಫ್ರಿ ಬೆಳೆದದ್ದು ಇಲ್ಲಿ, ತಂದೆಯ ಔಷಧದ ಅಂಗಡಿಯಲ್ಲಿ. ಅದರಾಚೆ ರೆಡ್‌ಫೀಲ್ಡ್. ಜಗತ್ತಿನ ಫೆಸೆಂಟ್ ರಾಜಧಾನಿ ಎಂದು ಈ ಊರು ತನ್ನನ್ನು ಕರೆದುಕೊಳ್ಳುತ್ತದೆ.

ಹಕ್ಕಿ ಮಾತ್ರ ಈ ನೆಲದ್ದಲ್ಲ. ಶಾಂಘೈಯಲ್ಲಿ ಅಮೆರಿಕದ ಕಾನ್ಸಲ್ ಜನರಲ್ ಆಗಿದ್ದ ಓವನ್ ಡೆನ್ನಿ 1880ರ ದಶಕದ ಆರಂಭದಲ್ಲಿ ಚೀನಾದಿಂದ ಹಡಗಿನಲ್ಲಿ ಓರೆಗಾನ್‌ಗೆ ಕಳಿಸಿದ ಹಕ್ಕಿಗಳು ಅಲ್ಲಿ ನೆಲೆಯೂರಿದವು. ರೆಡ್‌ಫೀಲ್ಡಿನ ಸುತ್ತ ಅವನ್ನು ಬಿಟ್ಟದ್ದು 1908ರಲ್ಲಿ. ಹನ್ನೊಂದು ವರ್ಷ ಕಾದು, 1919ರಲ್ಲಿ, ಈ ಊರಿರುವ ಸ್ಪಿಂಕ್ ಕೌಂಟಿಯಲ್ಲಿ ಒಂದೇ ಒಂದು ದಿನದ ಬೇಟೆಗೆ ಅನುಮತಿ ಕೊಟ್ಟರು. 1943ರಲ್ಲಿ ಈ ಪರದೇಶಿ ಹಕ್ಕಿಯೇ ರಾಜ್ಯಪಕ್ಷಿಯಾಯಿತು. ನಮ್ಮ ಕಾಡುಕೋಳಿ, ನವಿಲುಗಳ ಕುಲದ್ದೇ ಇದು. ಹುಂಜಕ್ಕೆ ತಾಮ್ರದ ಮೈ, ಕೊರಳಲ್ಲಿ ಬಿಳಿ ಉಂಗುರ, ಉದ್ದ ಬಾಲ. ಹೇಂಟೆಗೆ ಒಣಹುಲ್ಲಿನ ಬಣ್ಣ.

ಮೇಜಿನ ಮುಂದೆ ಕುಳಿತ ನನಗೆ ನೆನಪಾದದ್ದು ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯ ಜಗಲಿ. ಅಲ್ಲಿ ತೋಟಾ ಕೋವಿಯೊಂದು ಗೋಡೆಯ ಗೂಟದಲ್ಲಿ ತೂಗುತ್ತಿತ್ತು, ಪಕ್ಕದಲ್ಲೇ ಬಣ್ಣಗೆಟ್ಟ ಜೋಳಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೋವಿ ಗೂಟದಲ್ಲೇ ಉಳಿಯಿತು. ಉಳಿಯಬೇಕಾದದ್ದೂ ಸರಿಯೇ. ಆ ಜೋಳಿಗೆಯೊಳಗೆ ಏನಿತ್ತೆಂದು ನಾನು ಯಾವತ್ತೂ ಇಣುಕಿ ನೋಡಿರಲಿಲ್ಲ. ಕೋವಿಯ ಕತೆ ಹೇಳುವವರು ಊರು ತುಂಬ ಇದ್ದರು, ಚೀಲದ ಕತೆ ಹೇಳಿದವರಿಲ್ಲ.

ಈ ಅಜ್ಜ ಹೇಳಿದರು. ಎಪ್ಪತ್ತನಾಲ್ಕರ ಅವರು ಬದುಕಿಡೀ ಜೋಳ, ಸೋಯಾ ಬೆಳೆದವರು. ಚೀಲದ ಒಂದೊಂದು ವಸ್ತುವನ್ನೂ ಎತ್ತಿ ಅದು ಯಾವ ದಿನ ಒಳಸೇರಿತು ಎಂದು ವಿವರಿಸಿದರು. ಅಂಗಡಿಯಲ್ಲಿ ಪಟ್ಟಿ ಹಿಡಿದು ಕೊಂಡದ್ದು ಅದರಲ್ಲಿ ಒಂದೂ ಇರಲಿಲ್ಲ.

ಮೊದಲು ತೋಟಾ. ಒಂದು ಪೆಟ್ಟಿಗೆಯಲ್ಲಿ ಇಪ್ಪತ್ತೈದು ಬರುತ್ತವೆ, ತೂಕ ಒಂದು ಕಿಲೋ ದಾಟುತ್ತದೆ. ಅಜ್ಜ ಒಯ್ಯುವುದು ಇಪ್ಪತ್ತು. ಇಲ್ಲಿನ ಕಾನೂನಿನಂತೆ ಒಬ್ಬರಿಗೆ ದಿನಕ್ಕೆ ಮೂರು ಹುಂಜ ಮಾತ್ರ, ಹೇಂಟೆಗೆ ಗುರಿಯಿಡುವಂತೆಯೇ ಇಲ್ಲ. ಮೂರು ಹಕ್ಕಿಗೆ ಇಪ್ಪತ್ತು ತೋಟಾ ಸಾಲದಿದ್ದರೆ ಅವತ್ತು ಮನೆಗೆ ಹೋಗುವುದೇ ಲೇಸು ಎಂಬುದು ಅವರ ಲೆಕ್ಕ. ತೋಟಾದೊಳಗಿನ ಚರೆ ಸೀಸದ್ದಲ್ಲ, ಉಕ್ಕಿನದು. ಕೋಳಿಜಾತಿಯ ಹಕ್ಕಿಗಳಂತೆ ಬಾತುಗಳೂ ಕಾಳು ಅರೆಯಲು ಸಣ್ಣ ಕಲ್ಲು ನುಂಗುತ್ತವೆ. ಕೆರೆಯ ತಳಕ್ಕೆ ಬಿದ್ದ ಸೀಸದ ಚರೆಯನ್ನು ಕಲ್ಲೆಂದು ನುಂಗಿ ವಿಷವೇರಿ ಸಾಯುತ್ತವೆ. ಹಾಗಾಗಿ 1991ರಿಂದ ಅಮೆರಿಕದಾದ್ಯಂತ ನೀರುಹಕ್ಕಿಗಳ ಬೇಟೆಗೆ ಸೀಸ ನಿಷಿದ್ಧ. ಜೌಗಿನ ಎಷ್ಟೋ ಸಾರ್ವಜನಿಕ ಜಾಗಗಳಲ್ಲಿ ಫೆಸೆಂಟಿಗೂ ಅದೇ ನಿಯಮ. ಉಕ್ಕು ಸೀಸಕ್ಕಿಂತ ಹಗುರ, ಆದ್ದರಿಂದ ಎರಡು ಅಳತೆ ದಪ್ಪನೆಯ ಚರೆ ಬೇಕು. ಸೀಸದಲ್ಲಿ ಐದನೇ ನಂಬರು ಸಾಕಾಗುವ ಕಡೆ ಉಕ್ಕಿನಲ್ಲಿ ಮೂರು. ನಂಬರು ಇಳಿದಷ್ಟೂ ಚರೆ ದಪ್ಪ.

ಅಜ್ಜ ಒಳಗೆ ಹೋಗಿ ತಮ್ಮ ಜೋಡುನಳಿಗೆಯ ಕೋವಿಯಿಂದ ನಳಿಗೆಗಳನ್ನಷ್ಟೇ ಬಿಚ್ಚಿ ತಂದರು. ಹನ್ನೆರಡು ಗೇಜಿನದು. ಒಂದು ಪೌಂಡು ಸೀಸದಿಂದ ಹನ್ನೆರಡು ಸಮನಾದ ಗುಂಡು ಮಾಡಿದರೆ ಒಂದೊಂದರ ಅಗಲ ಎಷ್ಟೋ ಅದೇ ಈ ನಳಿಗೆಯ ಅಳತೆ, ಸುಮಾರು ಹದಿನೆಂಟೂವರೆ ಮಿಲಿಮೀಟರ್. ಇಪ್ಪತ್ತು ಗೇಜೆಂದರೆ ಇನ್ನೂ ಸಣ್ಣದು. ಅವರ ಮೊಮ್ಮಗಳು ಬಳಸುವುದು ಇಪ್ಪತ್ತರ ಕೋವಿ. ಅದರ ಸುಟ್ಟು ಖಾಲಿಯಾದ ಹಳದಿ ತೋಟಾ ಒಂದನ್ನು ಅಜ್ಜ ನನ್ನ ಕೈಗಿತ್ತು, ದೊಡ್ಡ ನಳಿಗೆಯೊಳಗೆ ಬಿಡಲು ಹೇಳಿದರು. ಬಿಟ್ಟೆ. ಅದು ಸರ್ರನೆ ಜಾರಿ ಒಳಗೆಲ್ಲೋ ಟಕ್ಕೆಂದು ನಿಂತಿತು. ಹಿಂಬದಿಯಿಂದ ನೋಡಿದರೆ ತೋಟಾ ಇಡುವ ಜಾಗ ಖಾಲಿ. ಹೊಸದೊಂದು ಹನ್ನೆರಡರ ತೋಟಾ ಅಲ್ಲಿ ಸಲೀಸಾಗಿ ಕೂರುತ್ತದೆ. ನಳಿಗೆಯನ್ನು ದೀಪಕ್ಕೆ ಹಿಡಿದಾಗ ಮಾತ್ರ ಗೊತ್ತಾಯಿತು, ಬೆಳಕು ಈಚೆ ಬರುತ್ತಿಲ್ಲ.

“ಹಿಂದಿನದನ್ನು ಸುಟ್ಟರೆ ನಳಿಗೆಯೇ ಸಿಡಿಯುತ್ತದೆ. ಎಡಗೈ ಇರುವುದು ಅಲ್ಲೇ” ಎಂದು ಅವರು ನಳಿಗೆಯ ಆ ಜಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಿದರು.

ಇಪ್ಪತ್ತು ಗೇಜಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಈ ಅಪಾಯದಿಂದಲೇ. ಮಂಜಿಗೆ ಮರಗಟ್ಟಿದ ಬೆರಳು ಜೇಬಿನಲ್ಲಿ ತಡಕುವಾಗ ಬಣ್ಣ ಕಾಣುವುದಿಲ್ಲವಲ್ಲ. ಹಾಗಾಗಿ ಈ ಮನೆಯಲ್ಲಿ ಎರಡು ಬಗೆಯ ತೋಟಾ ಒಂದೇ ಚೀಲಕ್ಕೆ ಬೀಳುವಂತಿಲ್ಲ. ಪಕ್ಕದಲ್ಲೇ ತುದಿಗೆ ಹಿತ್ತಾಳೆಯ ಭಾರ ಕಟ್ಟಿದ ಹುರಿಯೊಂದಿತ್ತು. ಈಡು ಢಮ್ಮೆನ್ನುವ ಬದಲು ಪುಸ್ಸೆಂದರೆ ಒಳಗೆ ಏನೋ ಸಿಕ್ಕಿಕೊಂಡಿದೆ ಎಂದರ್ಥ. ಆಗ ಕೋವಿ ಬರಿದು ಮಾಡಿ, ಹುರಿ ಇಳಿಬಿಟ್ಟು ನೋಡಬೇಕು. ಕೆಸರೋ ಹಿಮವೋ ಮೆತ್ತಿದರೂ ಅಷ್ಟೇ.

ಕಿವಿಗೆ ತುರುಕುವ ಸ್ಪಂಜಿನ ಬಿರಡೆಗಳು ಚೀಲಕ್ಕೆ ಸೇರಿದ್ದು ತಡವಾಗಿ. ಒಂದು ಈಡಿನ ಸದ್ದು 150 ಡೆಸಿಬೆಲ್ ದಾಟುತ್ತದೆ. ಬಲಗೈಯವರು ಕೋವಿ ಹೆಗಲಿಗೇರಿಸಿದಾಗ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರವಾಗುತ್ತದೆ, ಬಲಗಿವಿಗೆ ತಲೆಯ ಮರೆ ಇರುತ್ತದೆ. ಅಜ್ಜನ ಎಡಗಿವಿ ಈಗ ಹೆಚ್ಚೇನೂ ಕೇಳುವುದಿಲ್ಲ. ಅವರ ಹೆಂಡತಿ ಊಟದ ಮೇಜಿನಲ್ಲಿ ಬಲಕ್ಕೇ ಕೂರುತ್ತಾರೆ.

ಮಿಕ್ಕದ್ದರಲ್ಲಿ ಅರ್ಧಕ್ಕರ್ಧ ನಾಯಿಯದು. ಡೈಸಿ, ಐದು ವರ್ಷದ ಕರಿ ಲ್ಯಾಬ್ರಡಾರ್. ಇಕ್ಕಳ ಮುಳ್ಳುಹಂದಿಯ ಮುಳ್ಳು ಕೀಳಲು, ಕಿರುಚಿಮಟ ಪಾದದ ಸಂದಿನ ಮುಳ್ಳುಬೀಜ ತೆಗೆಯಲು, ಉಪ್ಪುನೀರಿನ ಸೀಸೆ ಕಣ್ಣಿಗೆ ಹೊಕ್ಕ ಹುಲ್ಲುಬೀಜ ತೊಳೆಯಲು. ಜೇನು ಯಾಕೆಂದು ಕೇಳಿದೆ. ಡೈಸಿಗಿಂತ ಹಿಂದಿದ್ದ ನಾಯಿ ಒಂದು ಮಧ್ಯಾಹ್ನ ಓಡಿ ಓಡಿ ಹೊಲದ ನಡುವೆ ಕಾಲು ತೊಡರಿ, ತಟ್ಟಾಡಿ ಬಿದ್ದುಬಿಟ್ಟಿತಂತೆ. ರಕ್ತದ ಸಕ್ಕರೆ ಇಳಿದಿತ್ತು. ವಸಡಿಗೆ ಸಿಹಿ ಸವರಿದ್ದರೆ ಅಲ್ಲೇ ಚೇತರಿಸಿಕೊಳ್ಳುತ್ತಿತ್ತು. ಅವತ್ತು ಅಜ್ಜನ ಬಳಿ ಸಿಹಿಯೆಂಬುದೇ ಇರಲಿಲ್ಲ. ನಾಯಿಯನ್ನು ಹೆಗಲ ಮೇಲೆ ಹೊತ್ತು ಒಂದು ಮೈಲಿ ನಡೆದು ಟ್ರಕ್ಕಿಗೆ ತಂದರು. ಇದನ್ನು ಹೇಳುವಾಗ ಅವರು ಪೊಟ್ಟಣಗಳನ್ನು ಎರಡು ಸಲ ಎಣಿಸಿದರು.

ಶನಿವಾರ ಬೆಳಗ್ಗೆ ಹುಲ್ಲಿನ ಮೇಲೆ ಬಿಳಿ ಇಬ್ಬನಿ ಹೆಪ್ಪುಗಟ್ಟಿತ್ತು. ಈಡು ಹೊಡೆಯಲು ಹತ್ತು ಗಂಟೆಯವರೆಗೆ ಕಾಯಬೇಕು, ಅದು ಇಲ್ಲಿನ ಕಾನೂನು. ಒಂಬತ್ತೂವರೆಗೆಲ್ಲ ಹೊಲದ ಅಂಚಿನಲ್ಲಿ ಆರು ಜನ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಗಡಿಯಾರ ನೋಡಿಕೊಂಡು ನಿಂತಿದ್ದರು. ನಾಲ್ವರು ಸಾಲುಗಟ್ಟಿ ಜೋಳದೊಳಗೆ ನಡೆಯುವುದು, ಇಬ್ಬರು ಹೊಲದ ಆ ತುದಿಯಲ್ಲಿ ಕಾಯುವುದು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳು ಸೋವುವವರು, ಬಿಲ್ಲಿಗೆ ನಿಲ್ಲುವವರು, ಅದೇ ಏರ್ಪಾಡು. ಫೆಸೆಂಟ್ ಹಾರುವುದಕ್ಕಿಂತ ಓಡುವುದನ್ನೇ ನೆಚ್ಚಿಕೊಂಡ ಹಕ್ಕಿ. ತುದಿಯಲ್ಲಿ ತಡೆ ಇಲ್ಲದಿದ್ದರೆ ಸಾಲಿನ ನಡುವೆ ಓಡಿಯೇ ಪಾರಾಗುತ್ತದೆ.

ಕೋವಿ ಇಲ್ಲದ ನಾನು ಆ ತುದಿಯಲ್ಲಿ ಟ್ರಕ್ಕಿನ ಮರೆಯಲ್ಲಿ ನಿಂತೆ. ಮೊದಲು ಒಣ ಜೋಳದ ಗರಿಗಳ ಸರಬರ, ಆಮೇಲೆ ಡೈಸಿಯ ಕೊರಳಪಟ್ಟಿಯ ಗಂಟೆ. ಒಮ್ಮೆಗೇ ರೆಕ್ಕೆ ಬಡಿದ ಸದ್ದು. “ಹೆನ್! ಹೆನ್!” ಎಂದು ನಾಲ್ಕು ಗಂಟಲು ಕೂಗಿದವು, ಆರೂ ನಳಿಗೆ ಆಕಾಶ ನೋಡುತ್ತ ಸುಮ್ಮನಾದವು. ಹೇಂಟೆ ನಮ್ಮ ತಲೆಯ ಮೇಲೆ ಹಾದು ಜೌಗಿಗೆ ಇಳಿಯಿತು. ಮುಂದಿನದು ಏಳುವಾಗಲೇ ಕೊಕ್ಕೊಕ್ಕೆಂದು ಗದರಿತು, ಹುಂಜ. ಅಜ್ಜನ ಎರಡನೇ ಈಡಿಗೆ ಬಿತ್ತು.

ಬಿದ್ದ ಜಾಗದಿಂದ ಕಣ್ಣು ತೆಗೆಯದೆ ಅವರು ಚೀಲದಿಂದ ಕಿತ್ತಳೆ ಪಟ್ಟಿಯ ತುಂಡೊಂದನ್ನು ಎಳೆದು, ತಾವು ನಿಂತಲ್ಲಿ ಜೋಳದ ದಂಟಿಗೆ ಕಟ್ಟಿದರು. ಆಮೇಲಷ್ಟೇ ಹೆಜ್ಜೆ ಎತ್ತಿಟ್ಟರು. ಒಂದೇ ಬಗೆಯ ಸಾವಿರ ದಂಟುಗಳ ನಡುವೆ ಹತ್ತು ಹೆಜ್ಜೆ ಹೋದರೆ ಎಲ್ಲಿಂದ ಹೊಡೆದೆ ಎಂಬುದೇ ಮರೆತುಹೋಗುತ್ತದೆ. ಹೊಡೆದ ಹಕ್ಕಿಯನ್ನು ಹುಡುಕದೆ ಬಿಡುವುದು ಈ ಬಯಲಿನಲ್ಲಿ ದೊಡ್ಡ ನಾಚಿಕೆ. ಚೀಲದ ವಸ್ತುಗಳಲ್ಲೆಲ್ಲ ನನಗೆ ಹೆಚ್ಚು ಗೌರವ ಹುಟ್ಟಿಸಿದ್ದು, ಮೂರು ಕಾಸಿನ ಬೆಲೆಯಿಲ್ಲದ ಈ ಪ್ಲಾಸ್ಟಿಕ್ ಪಟ್ಟಿ.

ಹುಂಜದ ಕಾಲಿನ ಹಿಂಬದಿಯ ಮುಳ್ಳನ್ನು ಅಜ್ಜ ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಮೊಂಡಾಗಿ ಗಿಡ್ಡಗಿದ್ದರೆ ಆ ವರ್ಷದ ಮರಿ, ಉದ್ದವಾಗಿ ಚೂಪಾಗಿದ್ದರೆ ಚಳಿಗಾಲ ಕಂಡ ಹಕ್ಕಿ. ಇದು ಚುಚ್ಚಿತು. ಕತ್ತರಿಯಿಂದ ಅಲ್ಲೇ ಹೊಟ್ಟೆ ಸೀಳಿ ಕರುಳು ತೆಗೆದರು, ಮಾಂಸ ಬೇಗ ತಣಿಯಲಿ ಎಂದು. ಒಂದು ಕಾಲನ್ನು ಮಾತ್ರ ಕತ್ತರಿಸಲಿಲ್ಲ. ತಲೆಯೋ, ಗರಿಯಿರುವ ರೆಕ್ಕೆಯೋ, ಕಾಲೋ ಉಳಿದಿರಬೇಕು. ದಾರಿಯಲ್ಲಿ ಅಧಿಕಾರಿ ತಡೆದರೆ ಅದು ಹುಂಜವೇ ಎಂದು ಗೊತ್ತಾಗಬೇಕಲ್ಲ.

ಹನ್ನೆರಡೂವರೆಗೆ ಟ್ರಕ್ಕಿನ ಹಿಂಬದಿಯಲ್ಲಿ ಊಟ. ಸೇಬು, ಕಡಲೆಬೀಜ, ಹಿಂದಿನ ವರ್ಷದ ಫೆಸೆಂಟ್ ಮಾಂಸ ತುಂಬಿದ ಬ್ರೆಡ್ಡು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿಂದ ಉತ್ತರಕ್ಕಿರುವ ಅಬರ್ಡೀನ್ ರೈಲು ನಿಲ್ದಾಣದಲ್ಲಿ ಹಳ್ಳಿಯ ಹೆಂಗಸರು ಇದೇ ಬ್ರೆಡ್ಡನ್ನು ಹಾದುಹೋಗುವ ಸೈನಿಕರಿಗೆ ಉಚಿತವಾಗಿ ಕೊಡುತ್ತಿದ್ದರು. ಐದು ಲಕ್ಷಕ್ಕೂ ಹೆಚ್ಚು ಸೈನಿಕರು ಅಲ್ಲಿ ತಿಂದು ಹೋದರು. 1945ರ ಹೊತ್ತಿಗೆ ಈ ರಾಜ್ಯದಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಫೆಸೆಂಟ್‌ಗಳಿದ್ದವೆಂದು ಅಂದಾಜು. ಹುಲ್ಲುಗಾವಲು ಉಳುಮೆಗೆ ಸಿಕ್ಕಂತೆಲ್ಲ ಸಂಖ್ಯೆ ಕುಸಿಯಿತು. ಬೀಳು ಬಿಟ್ಟ ಹೊಲಕ್ಕೆ ಬಾಡಿಗೆ ಕೊಡುವ ಸರ್ಕಾರದ ಯೋಜನೆ 1985ರಲ್ಲಿ ಬಂದ ಮೇಲೆ ಮತ್ತೆ ಏರಿತು. ಅಜ್ಜನೂ ನಲವತ್ತು ಎಕರೆ ಹುಲ್ಲಿಗೆ ಬಿಟ್ಟಿದ್ದಾರೆ.

ಅನಾಹುತವಾದದ್ದು ಆ ಹುಲ್ಲಿನ ಅಂಚಿನಲ್ಲೇ, ಮೂರರ ಸುಮಾರಿಗೆ. ಗಾಯಗೊಂಡು ಓಡುತ್ತಿದ್ದ ಹುಂಜದ ಬೆನ್ನಟ್ಟಿದ ಡೈಸಿ, ಹುಲ್ಲಿನಲ್ಲಿ ಮುಚ್ಚಿಹೋಗಿದ್ದ ಹಳೆಯ ಮುಳ್ಳುತಂತಿಗೆ ಎದೆಯೊಡ್ಡಿತು. ಕುಂಯ್ ಎಂಬ ಒಂದೇ ಸದ್ದು. ಆದರೂ ಹಕ್ಕಿಯನ್ನು ಬಾಯಲ್ಲಿ ಕಚ್ಚಿಕೊಂಡೇ ಬಂತು. ಎದೆಯ ಚರ್ಮ ಅಂಗೈಯಗಲ ಹರಿದು ಜೋತಾಡುತ್ತಿತ್ತು.

ಅಜ್ಜ ಕೋವಿ ಬರಿದು ಮಾಡಿ ಮಗನ ಕೈಗೆ ಕೊಟ್ಟು ಮೊಣಕಾಲೂರಿದರು. ಚೀಲದೊಳಗೆ ನೋಡಲೇ ಇಲ್ಲ, ಕೈಯೇ ದಾರಿ ಬಲ್ಲಂತೆ ಹೋಯಿತು. ಉಪ್ಪುನೀರಿನಿಂದ ಮಣ್ಣು, ಹುಲ್ಲಿನ ಚೂರು ತೊಳೆದರು. ಹರಿದ ಚರ್ಮವನ್ನು ಅದರ ಜಾಗಕ್ಕೆ ಕೂರಿಸಿ, ಮೇಲೆ ಬಿಳಿ ಬಟ್ಟೆಯ ಮಡಿಕೆ ಒತ್ತಿ, ಬ್ಯಾಂಡೇಜಿನ ಸುರುಳಿಯನ್ನು ಎದೆ, ಹೆಗಲುಗಳ ಸುತ್ತ ಸುತ್ತಿದರು. ಕೊನೆಗೆ ಪಟ್ಟಿಯಡಿ ಎರಡು ಬೆರಳು ತೂರಿಸಿ ನೋಡಿದರು. ಬೆರಳು ಹೋಗದಿದ್ದರೆ ನಾಯಿಗೆ ಉಸಿರು ಕಟ್ಟುತ್ತದೆ. ರಬ್ಬರ್ ಬಟ್ಟಲಿನಲ್ಲಿ ನೀರು ಹಿಡಿದದ್ದು ನಾನು. ಡೈಸಿ ಕುಡಿಯುತ್ತ ಬಾಲ ಆಡಿಸಿತು. ಅಜ್ಜನ ಕೈ ನಡುಗತೊಡಗಿದ್ದು ಆಗ, ಎಲ್ಲ ಮುಗಿದ ಮೇಲೆ.

ಊರಿನ ಪಶುವೈದ್ಯರು ಶನಿವಾರ ಸಂಜೆಯಾದರೂ ಬಾಗಿಲು ತೆರೆದರು. ಬೇಟೆ ಶುರುವಾಗುವ ದಿನ ಇಂಥವು ಬರುತ್ತವೆಂದು ಅವರಿಗೆ ಗೊತ್ತು. ಗಾಯ ಶುದ್ಧವಾಗಿದ್ದರಿಂದ ಹೊಲಿಗೆ ಹಾಕಿ ರಾತ್ರಿಯೇ ಮನೆಗೆ ಕಳಿಸಿದರು.

ಎಂಟು ಗಂಟೆಗೆ ಅಜ್ಜ ಅದೇ ಮೇಜಿನ ಮೇಲೆ ಮತ್ತೆ ಪತ್ರಿಕೆ ಹಾಸಿದರು. ಐದು ತೋಟಾ ಖರ್ಚಾಗಿದ್ದವು, ಐದು ಸೇರಿಸಿದರು. ಬೀರುವಿನಿಂದ ಹೊಸ ಬ್ಯಾಂಡೇಜಿನ ಸುರುಳಿ, ಉಪ್ಪುನೀರಿನ ಹೊಸ ಸೀಸೆ. ಕತ್ತರಿ ತೊಳೆದು ಒರೆಸಿ ಇಟ್ಟರು. ಒಂದಿಷ್ಟು ಯೋಚಿಸಿ, ಬೇಲಿಯ ತಂತಿ ಕತ್ತರಿಸುವ ಗಿಡ್ಡ ಉಪಕರಣವೊಂದನ್ನು ಕೊಟ್ಟಿಗೆಯಿಂದ ತಂದು ತೂಗಿ ನೋಡಿ ಒಳಗೆ ಹಾಕಿದರು. ಅದಕ್ಕೆ ಜಾಗ ಮಾಡಲು ಸೇಬು ಹೊರಗೆ ಬಂತು.

ಚೀಲ ಬಾಗಿಲಿನ ಎಡಗಡೆಯ ಮೊಳೆಗೆ ಹೋಯಿತು. ಮೊಮ್ಮಗಳ ಹಳದಿ ತೋಟಾಗಳ ಚೀಲ ಬಲಗಡೆಯ ಮೊಳೆಯಲ್ಲಿತ್ತು. ಎರಡರ ನಡುವಿನ ಚಾಪೆಯ ಮೇಲೆ, ಎದೆಯ ಕೂದಲು ಬೋಳಿಸಿಕೊಂಡ ಡೈಸಿ ಮಲಗಿ ನಿದ್ದೆಯಲ್ಲೇ ಕಾಲಾಡಿಸುತ್ತಿತ್ತು.