ಗೆರೆ ಹಲಗೆ

ಯುಗಾದಿಗೆ ಊರಿಗೆ (ಸವದತ್ತಿ ಕಡೆಯ ಚಚಡಿ) ಹೋದಾಗ ಅಟ್ಟದಿಂದ ಒಂದು ಉದ್ದನೆಯ ಹಲಗೆ ಇಳಿಸಿದೆ. ಒಂದು ಕಡೆ ಒತ್ತೊತ್ತಾಗಿ ಸಣ್ಣ ಗೆರೆಗಳು, ಇನ್ನೊಂದು ಕಡೆ ನುಣ್ಣಗೆ ಸವೆದ ಜಾಗ. ಫೋಟೋ ನೋಡಿದ ಮೈಸೂರಿನ ಗೆಳೆಯ ಬಟ್ಟೆ ಒಗೆಯೋದು ಅಂದ, ಇನ್ನೊಬ್ಬ ಯಾವುದೋ ವಾದ್ಯ ಅಂದ :)

ಕಣ್ಣು ಮಂಜಾಗಿರುವ ಆಯಿ ಮಾತ್ರ ಗೆರೆಗಳ ಮೇಲೆ ಬೆರಳಾಡಿಸಿ, "ಶಾವಿಗಿ ಮಣಿ, ತಮ್ಮಾ" ಅಂದಳು.

ಮೈಸೂರಿನವರಿಗೆ ಶಾವಿಗೆ ಅಂದರೆ ಬೆಂದ ಅಕ್ಕಿ ಹಿಟ್ಟನ್ನು ಒರಳಿನಲ್ಲಿ ಒತ್ತುವುದು. ನಮ್ಮ ಕಡೆ ಗೋದಿ ಕಣಕವನ್ನು ಎಳೆ ಹರಿಯದಂತೆ ಚೆನ್ನಾಗಿ ನಾದಿ, ಕುಟ್ಟಿ, ಈ ಗೆರೆಗಳ ಮೇಲೆ ಅಂಗೈಯಿಂದ ಹೊಸೆಯುತ್ತಾರೆ. ಆ ನುಣುಪು ಜಾಗ ಹೊಸೆಯುವವರು ಮಣೆ ಏರಿ ಕೂತು ಕೂತು ಆದದ್ದು. ಇನ್ನೊಬ್ಬರು ಎಳೆ ಹಿಡಿಯಬೇಕು, ಮತ್ತೊಬ್ಬರು ಕೋಲಿನ ಮೇಲೆ ಹಾಕಿ ಒಣಗಿಸಬೇಕು. ಬೇಸಿಗೆಯಲ್ಲಿ ಓಣಿಯ ಹೆಂಗಸರು ಸೇರಿದರೇ ಆಗುವ ಕೆಲಸ.

ಕಾಕಾ ಅದನ್ನು ಹಳೇ ಸಾಮಾನಿನವನಿಗೆ ಕೊಡುವವರಿದ್ದರು. ಬೆಂಗಳೂರಿಗೆ ಒಯ್ತೀನಿ, ಗೋಡೆಗೆ ಚೆಂದ ಕಾಣ್ತದೆ ಅಂದೆ.

"ಒಯ್ಯಿ. ಆದ್ರ ಅಲ್ಲಿ ಎಳಿ ಹಿಡಿಯಾಕ ಯಾರದಾರ?" ಅಂದಳು ಆಯಿ.

ಮಣೆ ಚಚಡಿಯಲ್ಲೇ ಇದೆ. ಜವೆ ಗೋದಿ ತರಲು ಕಾಕಾಗೆ ಹೇಳಿದ್ದೇನೆ, ಮೇ ತಿಂಗಳಲ್ಲಿ ನಾಲ್ಕು ದಿನ ರಜೆ ಹಾಕಿದ್ದೇನೆ. ಎಳೆ ನಾನೇ ಹಿಡಿಯುತ್ತೇನೆ. ಅಂದಹಾಗೆ, ನಿಮ್ಮೂರಲ್ಲಿ ಇದಕ್ಕೆ ಏನಂತೀರಿ?